ತಿಕೋಟಾದಿಂದ ಒಂದು ಪ್ರಶ್ನೆ: ಡೀಸೆಲ್ ಗಾಡಿ ಕೊಟ್ಟು ಎಲೆಕ್ಟ್ರಿಕ್ ಎಸ್‌ಯುವಿ, ಜತಿಗೆ ಒಂದು ಸಣ್ಣ ಗೂಡ್ಸ್ ಗಾಡಿ ತಗೊಳ್ಳೂದು ಬರೋಬ್ಬರಿ ಏನು?

ತಿಕೋಟಾ ತೋಟ
ಎಲ್ಲಾರಿಗೂ ನಮಸ್ಕಾರ್ರಿ. ಮನ್ಯಾಗ ಹಳೇ ಡೀಸೆಲ್ ಎಸ್‌ಯುವಿ ಐತಿ, ಎರಡು ಲಕ್ಷ ಕಿ.ಮೀ. ದಾಟೇತಿ. ಕ್ಲಚ್ ಪ್ಲೇಟು, ಟರ್ಬೊ ಅಂತ ಗ್ಯಾರೇಜಿನ್ಯಾಗ ದೊಡ್ಡ ಪಟ್ಟಿ ಕೊಟ್ಟಾರ. ಅದಕ್ಕ ರೊಕ್ಕ ಸುರಿಯೂದ್ಕಿಂತ ಎಲೆಕ್ಟ್ರಿಕ್ ತಗೊಳ್ಳೋಣು ಅಂತ ಮಗಳು ಹಟ ಹಿಡದಾಳ. ನನ್ನ ಓಡಾಟ ಅಂದ್ರ ತೋಟ, ವಿಜಯಪುರದ ಎಪಿಎಂಸಿ, ಕೋಲ್ಡ್ ಸ್ಟೋರೇಜ್ ಎಲ್ಲಾ ಸೇರಿ ದಿನಕ್ಕ 50–60 ಕಿ.ಮೀ. ಆಗಾಗ ಹುಬ್ಬಳ್ಳಿ ಇಲ್ಲಾ ಬೆಳಗಾವಿ. ಬೆಂಗಳೂರಿಗೆ ಹೋಗೂದು ಅಪರೂಪ.

ಇದರ ಜತಿಗೆ ಮಣೂಕ (ಒಣದ್ರಾಕ್ಷಿ) ಬಾಕ್ಸ್ ಸಾಗಸಾಕ ಒಂದು ಸಣ್ಣ ಗೂಡ್ಸ್ ಗಾಡೀನೂ ಬೇಕಾಗೇತಿ. ಶೋರೂಮಿನವ್ರು ಹೇಳೂದು ಒಂದು, ಯೂಟ್ಯೂಬಿನವ್ರು ಹೇಳೂದು ಇನ್ನೊಂದು. ನಮ್ಮ ಬಿಸಿಲಾಗ, ನಮ್ಮ ಕರೆಂಟಿನ್ಯಾಗ ಗಾಡಿ ಇಟ್ಕೊಂಡವ್ರು ಯಾರರ ಇದ್ರ ಖರೇ ಮಾತು ಹೇಳ್ರಿ.

ಕೊಲ್ಹಾರ ಮೊಸರು
ಮಗಳು ಹಟ ಹಿಡದಾಳ ಅಂದ್ಮ್ಯಾಲ ಇಲ್ಲಿ ಕೇಳಿ ಏನು ಮಾಡ್ತೀರಿ ಕಾಕಾ. ಬುಕ್ ಮಾಡ್ರಿ.

ಚೋರ್ಲಾ ಏರು, ಬೆಳಗಾವಿ
ನಮ್ಮ ಮನ್ಯಾಗ 45 ಕಿಲೋವ್ಯಾಟ್ ಅವರ್ (ಅಂದ್ರ 45 ಯುನಿಟ್) ಬ್ಯಾಟರಿಯ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಐತಿ. ಒಮ್ಮೆ ಪೂರಾ ತುಂಬಿದ್ರ 489 ಕಿ.ಮೀ. ಅಂತ ಸರ್ಟಿಫಿಕೇಟಿನ್ಯಾಗ ಬರದಿರ್ತೈತಿ. ನಿಜವಾಗಿ ಸಿಗೂದು 350ರಿಂದ 370 ಅಂತ ಕಂಪನಿಯವ್ರೇ ಹೇಳ್ತಾರ. ಎನ್‌ಎಚ್ 48ರಾಗ ನೂರರ ಮ್ಯಾಲ ಹಿಡದ್ರ ಅದೂ ಸಿಗೂದಿಲ್ಲ. ನಾವು 280 ಅಂತ ಲೆಕ್ಕ ಇಟ್ಟು ಮನಿ ಬಿಡ್ತೀವಿ, ಅದರಾಗೂ ಶೇ 15 ಉಳಿಸಿ ಚಾರ್ಜರ್ ಹುಡುಕ್ತೀವಿ. ದೊಡ್ಡ ಬ್ಯಾಟರಿ ಗಾಡಿಗೂ ಇದೇ ಕಥಿ. ಮಹೀಂದ್ರಾ ಬಿಇ 6ರ 79 ಕಿಲೋವ್ಯಾಟ್ ಅವರ್ ಮಾಡೆಲ್ಲಿಗೆ ಕಾಗದದ ಮ್ಯಾಲ 680 ದಾಟೇತಿ, ರಸ್ತೇದ ಮ್ಯಾಲ 500 ಬಂದ್ರ ಖುಷಿ ಪಡ್ರಿ.

ಎಲ್ಲಾರೂ ಘಾಟಿಗೆ ಹೆದರ್ತಾರ. ಗೋವಾ ಕಡೆಯಿಂದ ಚೋರ್ಲಾ ಘಾಟ್ ಏರಿ ಬರೂದು ಸುಮಾರು 700 ಮೀಟರ್. ಮಂದಿ ಸೇರಿ ಎರಡು ಟನ್ ತೂಕದ ಗಾಡೀನ ಅಷ್ಟು ಎತ್ತರಕ್ಕ ಏರಸಾಕ ಹೆಚ್ಚಿಗಿ ಬೇಕಾಗೂದು 4 ಯುನಿಟ್ ಅಷ್ಟ. ಇಳಿಯುವಾಗ ರೀಜನ್‌ದಾಗ (ಮೋಟರೇ ಗಾಡಿ ತಡದು ಬ್ಯಾಟರಿ ತುಂಬೂದು) ಅರ್ಧಕ್ಕಿಂತ ಹೆಚ್ಚು ವಾಪಸ್ ಬರ್ತೈತಿ. ಖರೇ ವೈರಿ ಅಂದ್ರ ವೇಗ ಮತ್ತ ಎದುರುಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕ ತಕ್ಕಂಗ ಏರ್ತೈತಿ. 80ರಿಂದ 100ಕ್ಕ ಹೋದ್ರ ವೇಗ ಕಾಲುಭಾಗ ಜಾಸ್ತಿ, ಗಾಳಿ ತಡೆ ಮಾತ್ರ ಅರ್ಧಕ್ಕಿಂತ ಜಾಸ್ತಿ. ನಿಮ್ಮ ವಿಜಯಪುರದ ಬಯಲಾಗ ಆಷಾಢದ ಗಾಳಿ ಗೊತ್ತಲ್ಲ? ಬೆಳಗಾವಿ ಕಡೆ ಮುಖ ಮಾಡಿ 80ರಾಗ ಹೊಂಟಾಗ ಎದುರಿನಿಂದ 20ರ ವೇಗದಾಗ ಗಾಳಿ ಬೀಸಿದ್ರ, ಗಾಳಿ ತಡೆ 100ರಾಗ ಹೊಂಟಷ್ಟ. ಅದೇ ರಸ್ತಾ, ಅದೇ ಗಾಡಿ, ಬರುವಾಗ ಒಂದು ಲೆಕ್ಕ, ಹೋಗುವಾಗ ಒಂದು ಲೆಕ್ಕ. ಶೋರೂಮಿನ್ಯಾಗ ಇದನ್ನ ಯಾರೂ ಹೇಳೂದಿಲ್ಲ.

ಕೊಲ್ಹಾರ ಮೊಸರು
ಕಬ್ಬಿನ ಸೀಜನ್‌ದಾಗ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡ್ರ ಭಾರಿ ರೇಂಜ್ ಬರ್ತೈತಿ ಅನ್ನೂದನ್ನೂ ಬರೀರಿ ಸರ. ಜಮಖಂಡಿ–ಮುಧೋಳ ರೋಡಿನ್ಯಾಗ ನಮ್ಮ ಅಳಿಯಂದು ಜಗತ್ತಿನ ದಾಖಲೆ ಐತಿ.

ವಾಯರಿಂಗ್ ಬಾಗಲಕೋಟಿ
ತೋಟದ ಸಾಹೇಬ್ರ, ಗಾಡಿ ಯಾವ್ದು ಅನ್ನೂದು ಆಮ್ಯಾಲ. ಮೊದಲ ನಿಮ್ಮ ಮೀಟರ್ ಬಗ್ಗೆ ಹೇಳ್ರಿ. ಮಂಜೂರಾದ ಲೋಡ್ ಎಷ್ಟು? ಸಿಂಗಲ್ ಫೇಸೋ ತ್ರೀ ಫೇಸೋ? ಗೃಹಜ್ಯೋತಿ ಐತೇನು? ಗಾಡಿ ರಾತ್ರಿ ನಿಲ್ಲೂದು ಊರಾಗಿನ ಮನ್ಯಾಗೋ, ತೋಟದ ಮನ್ಯಾಗೋ?

ನಾನು ನವನಗರದಾಗ ವಾಯರಿಂಗ್ ಕಾಂಟ್ರ್ಯಾಕ್ಟ್ ಮಾಡ್ತೀನಿ, ಇತ್ತೀಚಿಗೆ ಇವಿ ಚಾರ್ಜರ್ ಕೂಡ್ಸೂ ಕೆಲಸಾನೂ ಬರಾಕತ್ತೇತಿ. ಗಾಡಿ ಮನಿಗೆ ಬಂದ ದಿನ ಫೋನ್ ಮಾಡಿ "ಚಾರ್ಜ್ ತಗೋವಲ್ದು" ಅಂತಾರ. ಹೋಗಿ ನೋಡಿದ್ರ ಗಾಡಿ ಬರೋಬ್ಬರಿ ಇರ್ತೈತಿ, ಅರ್ಥಿಂಗ್ ಇರೂದಿಲ್ಲ. ಮೂರು ಪಿನ್ನಿನ ಸಾಕೆಟ್ ಇರ್ತೈತಿ, ಮೂರನೇ ತಂತಿ ಗ್ವಾಡಿ ಒಳಗ ಎಲ್ಲೋ ತುಂಡಾಗಿ ಬಿದ್ದಿರ್ತೈತಿ. ಫ್ರಿಜ್ಜು, ಮಿಕ್ಸರ್ ಇದನ್ನ ಕೇಳೂದಿಲ್ಲ. ಇವಿ ಚಾರ್ಜರ್ ಮಾತ್ರ ಮೊದಲ ಅರ್ಥ್ ನೋಡ್ತೈತಿ, ಇಲ್ಲಾಂದ್ರ ಕೆಂಪು ದೀಪಾ ಹಚ್ಕೊಂಡು ಕುಂತ್ಬಿಡ್ತೈತಿ.

ನಮ್ಮ ಎರಿ ಭೂಮಿಯಾಗ ಇನ್ನೊಂದು ಕಿರಿಕಿರಿ. ಮಳಿಗಾಲದಾಗ ಅರ್ಥಿಂಗ್ ಛಲೋ ತೋರಸ್ತೈತಿ. ಏಪ್ರಿಲ್ ಬಂತಂದ್ರ ನೆಲ ಬಿರುಕು ಬಿಟ್ಟು ರಾಡಿನ ಸುತ್ತ ಮಣ್ಣ ಬಿಟ್ಟು ನಿಲ್ತೈತಿ, ರೆಸಿಸ್ಟನ್ಸ್ ಏರ್ತೈತಿ. ಅದಕ್ಕ ಗುಂಡಿ ಆಳ ತಗಸ್ರಿ, ಇದ್ದಲಿ–ಉಪ್ಪು ಇಲ್ಲಾ ಬೆಂಟೊನೈಟ್ ಪುಡಿ ತುಂಬಸ್ರಿ, ಮ್ಯಾಲ ನೀರು ಹಾಕಾಕ ಪೈಪ್ ಇಡಸ್ರಿ. ಬ್ಯಾಸಿಗ್ಯಾಗ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕ್ರಿ. ಕೆಲಸ ಮುಗದ ಮ್ಯಾಲ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವ ವೋಲ್ಟೇಜ್ ಎಷ್ಟೈತಿ ಅಂತ ನಿಮ್ಮ ಕಣ್ಣ ಮುಂದ ಮೀಟರ್ ಹಿಡದು ತೋರ್ಸು ಅಂತ ಎಲೆಕ್ಟ್ರಿಶಿಯನ್‌ಗ ಹೇಳ್ರಿ. ಎರಡ್ಮೂರು ವೋಲ್ಟಿನ ಒಳಗಿರಬೇಕು.

15 ಆಂಪ್ ಸಾಕೆಟ್ಟಿನ್ಯಾಗ 3.3 ಕಿಲೋವ್ಯಾಟ್ ಹೋಗ್ತೈತಿ. ನಿಮ್ಮ 60 ಕಿ.ಮೀ. ಓಟಕ್ಕ ರಾತ್ರಿ ಮೂರ್ನಾಕು ತಾಸು ಹಚ್ಚಿದ್ರ ಸಾಕು. 7.2 ಕಿಲೋವ್ಯಾಟಿನ ಗ್ವಾಡಿ ಚಾರ್ಜರ್ ಬೇಕಂದ್ರ ಲೋಡ್ ಏರ್ಸಾಕ ಅರ್ಜಿ ಹಾಕಬೇಕು, ಕಿಲೋವ್ಯಾಟ್ ಲೆಕ್ಕದಾಗ ಫಿಕ್ಸೆಡ್ ಚಾರ್ಜೂ ಏರ್ತೈತಿ. ಮತ್ತ ದಯಮಾಡಿ ಎಕ್ಸ್‌ಟೆನ್ಶನ್ ಬೋರ್ಡಿನ್ಯಾಗ ಹಚ್ಚಬ್ಯಾಡ್ರಿ. ತಾಸುಗಟ್ಲೆ 15 ಆಂಪ್ ಎಳದ್ರ ಅಗ್ಗದ ಪಿನ್ನು ಕರಗಿ ಸಾಕೆಟ್ಟಿಗೆ ಅಂಟ್ಕೊಂಡಿದ್ದನ್ನ ಕಟರ್ ಹಾಕಿ ಬಿಡಿಸೀನಿ.

ತಿಕೋಟಾ ತೋಟ
ಊರಾಗಿನ ಮನಿ ಸಿಂಗಲ್ ಫೇಸು, ಗೃಹಜ್ಯೋತಿ ಐತಿ, ತಿಂಗಳಿಗೆ ನೂರರ ಸುತ್ತಮುತ್ತ ಯುನಿಟ್ ಬರ್ತೈತಿ. ಆದ್ರ ತೋಟದಾಗ 10 ಎಚ್‌ಪಿ ಪಂಪ್‌ಸೆಟ್ಟಿನ ತ್ರೀ ಫೇಸ್ ಐತ್ರಿ. ಅಲ್ಲೇ ಹಚ್ಚಿಬಿಟ್ರ ಖರ್ಚ ಇಲ್ಲಲ್ಲ?

ವಾಯರಿಂಗ್ ಬಾಗಲಕೋಟಿ
ಈ ಪ್ರಶ್ನಿ ಬರ್ತೈತಂತ ಕಾಯಾಕತ್ತಿದ್ದೆ. ಬ್ಯಾಡ್ರಿ. 10 ಎಚ್‌ಪಿ ತನಕ ಸರಕಾರ ಪುಕ್ಕಟ ಕೊಡೂದು ನೀರೆತ್ತಾಕ. ಬ್ಯಾರೆ ಕೆಲಸಕ್ಕ ಬಳಸಿದ್ರ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ್ಯಾಗ ದುಪ್ಪಟ್ಟು ದರ ಹಚ್ಚಿ ವಸೂಲಿ ಮಾಡ್ತಾರ.

ಕಾಯ್ದೆ ಬಿಡ್ರಿ, ಕರೆಂಟರ ಹೆಂಗಿರ್ತೈತಿ? ತ್ರೀ ಫೇಸ್ ಸಿಗೂದು ದಿನಕ್ಕ ಏಳು ತಾಸು, ಅದೂ ಒಂದ್ವಾರ ಹಗಲಿ, ಒಂದ್ವಾರ ರಾತ್ರಿ. ಸಿಂಗಲ್ ಫೇಸ್ ಇದ್ದಾಗ ಮಂದಿ ಕಂಡೆನ್ಸರ್ ಹಾಕಿ ಮೋಟರ್ ಓಡಸ್ತಾರ, ಆಗ ಆ ಟಿಸಿ (ಟ್ರಾನ್ಸ್‌ಫಾರ್ಮರ್) ಮ್ಯಾಲಿನ ವೋಲ್ಟೇಜ್ 160ಕ್ಕ ಬಿದ್ದು 270ಕ್ಕ ಹಾರ್ತೈತಿ. 20 ಲಕ್ಷದ ಗಾಡೀನ ಅದಕ್ಕ ಹಚ್ತೀರೇನು?

ಲೆಕ್ಕದ ಮಾಸ್ತರ, ಮುದ್ದೇಬಿಹಾಳ
ಗೃಹಜ್ಯೋತಿ ಹೋಗ್ತದ ಅಂತ ಇವಿ ಬ್ಯಾಡ ಅನ್ನೋರು ಭಾಳ ಮಂದಿ ಅದಾರ. ಕೂಡಿಸಿ ನೋಡ್ರಿ. ತಿಂಗಳಿಗೆ 1,500 ಕಿ.ಮೀ. ಅಂದ್ರ, ಯುನಿಟ್ಟಿಗೆ ಆರೂವರೆ ಕಿ.ಮೀ. ಲೆಕ್ಕದಾಗ 230 ಯುನಿಟ್. ಚಾರ್ಜ್ ಮಾಡುವಾಗ ಶಾಖದಾಗ ಹೋಗೂದು ಶೇ 10–12, ಹಂಗಾಗಿ ಮೀಟರಿನ್ಯಾಗ ಓಡೂದು 260 ಹತ್ರ. ಮನೀದು ನೂರು ಕೂಡಿದ್ರ 360. 200 ದಾಟಿದ ತಿಂಗಳ ಪೂರಾ ಬಿಲ್ ನೀವೇ ಕಟ್ಟಬೇಕು, 200ರ ಮ್ಯಾಲಿಂದಷ್ಟ ಅಲ್ಲ. ಯುನಿಟ್ಟಿಗೆ ಆರು ರೂಪಾಯಿ ಹಿಡದು, ಫಿಕ್ಸೆಡ್ ಚಾರ್ಜು, ತೆರಿಗಿ ಸೇರಿಸಿದ್ರೂ ಬಿಲ್ ಮೂರು ಸಾವಿರದ ಒಳಗ ಮುಗೀತದ.

ಅದೇ ಓಟ ಡೀಸೆಲ್‌ದಾಗ: ಲೀಟರಿಗೆ 14 ಕಿ.ಮೀ., 107 ಲೀಟರ್, 90 ರೂಪಾಯಿ ಲೆಕ್ಕದಾಗ 9,600. ಪುಕ್ಕಟ ಕರೆಂಟ್ ಬಿಟ್ಟರೂ ತಿಂಗಳಿಗೆ ಆರೂವರೆ ಸಾವಿರ ಕಿಸೆದಾಗ ಉಳೀತದ. ಆಯಿಲ್ ಬದಲಿ, ಫಿಲ್ಟರ್ ಇದರಾಗ ಹಿಡದಿಲ್ಲ.

ಇದೆಲ್ಲಾ ಮನ್ಯಾಗ ಚಾರ್ಜ್ ಮಾಡಿದ್ರ ಮಾತ್ರ. ಹೊರಗಿನ ಫಾಸ್ಟ್ ಚಾರ್ಜರ್‌ದಾಗ ಜಿಎಸ್‌ಟಿ ಸೇರಿ ಯುನಿಟ್ಟಿಗೆ 20ರ ಮ್ಯಾಲ ಬೀಳ್ತದ. ಆಗ ಕಿ.ಮೀ.ಗೆ ಮೂರೂವರಿ, ನಾಕು ರೂಪಾಯಿ. ಡೀಸೆಲ್ಲಿಗೆ ಆರೂವರಿ ಹತ್ರ ಬೀಳೂದ್ರಿಂದ ಉಳಿತಾಯ ಇರ್ತದ, ಆದ್ರ ಮನ್ಯಾಗ ಚಾರ್ಜ್ ಮಾಡಿದಷ್ಟಲ್ಲ, ಗಾಡಿಗೆ ಹೆಚ್ಚಿಗಿ ಕೊಟ್ಟ ರೊಕ್ಕ ತೀರಾಕ ಭಾಳ ದಿನ ಹಿಡೀತದ.

ಇನ್ನೊಂದು ಹಾದಿ ಅಂದ್ರ ಇವಿ ಚಾರ್ಜಿಂಗಿಗೆ ಬ್ಯಾರೆ ಮೀಟರ್. ಅದಕ್ಕ ಕೆಇಆರ್‌ಸಿ (ಕರೆಂಟಿನ ದರ ಗೊತ್ತು ಮಾಡೂ ರಾಜ್ಯದ ಆಯೋಗ) ಬ್ಯಾರೆ ದರ ಇಟ್ಟದ. ನಿಮ್ಮ ಉಪವಿಭಾಗದ ಕಚೇರಿಗೆ ಹೋಗಿ ಕೇಳ್ರಿ. ಮನಿ ಮೀಟರ್ ಮುಟ್ಟಬೇಕಿಲ್ಲ, ಗೃಹಜ್ಯೋತಿ ಹಂಗೇ ಉಳೀತದ.

ಕೂಡಗಿ ಹೊಗಿ
ಕೂಡಗಿಯಾಗ ಕಲ್ಲಿದ್ದಲಿ ಸುಟ್ಟು ಮಾಡಿದ ಕರೆಂಟ್ ತುಂಬಿಸ್ಕೊಂಡು ಪರಿಸರ ಉಳಸ್ತೀವಿ ಅಂತೀರಿ.

ಲೆಕ್ಕದ ಮಾಸ್ತರ, ಮುದ್ದೇಬಿಹಾಳ
ಪರಿಸರದ ಮಾತು ಇಲ್ಲಿತನಕ ಯಾರೂ ತಗದಿಲ್ಲ ತಮ್ಮಾ, ಎಲ್ಲಾರೂ ರೊಕ್ಕಾನ ಎಣಸಾಕತ್ತೀವಿ. ಕೂಡಗಿ 2,400 ಮೆಗಾವ್ಯಾಟ್ ಐತಿ, ಬಾಜೂಕ ಆಲಮಟ್ಟಿ 290 ಮೆಗಾವ್ಯಾಟ್ ನೀರಿಂದೂ ಐತಿ. ಯಾವ ತಂತ್ಯಾಗ ಯಾವುದು ಬರ್ತದ ಅಂತ ನಾ ಹೇಳಲಾರೆ.

ನೇಸರಗಿ ಟೀಚರ್, ಬೆಳಗಾವಿ
ನಾನು ಬೆಳಗಾವಿಯಲ್ಲಿ ಅಪಾರ್ಟ್‌ಮೆಂಟಿನಲ್ಲಿರುವುದು, ಶಾಲೆಗೆ ದಿನಾ ಇವಿಯಲ್ಲೇ ಹೋಗಿಬರುತ್ತೇನೆ. ಸ್ವಂತ ಮನೆ ಇರುವವರು ಅದೃಷ್ಟವಂತರು. ನಮ್ಮಲ್ಲಿ ಪಾರ್ಕಿಂಗಿಗೆ ನನ್ನ ಮೀಟರಿನಿಂದ ತಂತಿ ಎಳೆಯಲು ಸಂಘದ ಒಪ್ಪಿಗೆ ಸಿಗುವಷ್ಟರಲ್ಲಿ ಕಾರು ಬಂದು ನಿಂತಾಗಿತ್ತು. "ಬೆಂಕಿ ಹತ್ತಿದರೆ ಯಾರು ಜವಾಬ್ದಾರಿ?" ಎಂದು ಒಬ್ಬರು, "ನಾಳೆ ಎಲ್ಲರೂ ಕೇಳಿದರೆ?" ಎಂದು ಇನ್ನೊಬ್ಬರು. ಕೊನೆಗೆ ತಂತಿ, ಎಂಸಿಬಿ, ಆರ್‌ಸಿಸಿಬಿ (ಸುರಕ್ಷತಾ ಸ್ವಿಚ್‌ಗಳು) ಎಲ್ಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಪರವಾನಗಿ ಇರುವ ಗುತ್ತಿಗೆದಾರರಿಂದ ನಕ್ಷೆ ಬರೆಸಿ ಸಭೆಯಲ್ಲಿಟ್ಟ ಮೇಲೆ ಒಪ್ಪಿದರು. ಈಗ ಆ ಇಬ್ಬರಲ್ಲಿ ಒಬ್ಬರ ಮನೆಗೂ ಇವಿ ಬಂದಿದೆ, ಅದೇ ನಕ್ಷೆ ಕೇಳಿಕೊಂಡು ಹೋದರು.

ಹೆಂಗಸರು ಒಬ್ಬರೇ ದೂರ ಹೋಗುವಾಗ ಚಾರ್ಜರ್ ಇದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ ಅಲ್ಲ. ಅಲ್ಲಿ ದೀಪ ಇದೆಯೇ, ಹೋಟೆಲ್ ತೆರೆದಿದೆಯೇ, ಶೌಚಾಲಯ ಇದೆಯೇ? ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ, ಇಲ್ಲಿ ಮುಕ್ಕಾಲು ಗಂಟೆ. ಒಮ್ಮೆ ಹೆದ್ದಾರಿಯ ಒಂದು ಚಾರ್ಜರ್ ಆ್ಯಪಿನಲ್ಲಿ ಹಸಿರು ತೋರಿಸುತ್ತಿತ್ತು, ಹೋಗಿ ನೋಡಿದರೆ ಪರದೆಯೇ ಸತ್ತಿತ್ತು, ಫೋನ್ ಎತ್ತುವವರಿಲ್ಲ. ಈಗ ನಾನು ಹೊರಡುವ ಮೊದಲು ಆ್ಯಪಿನಲ್ಲಿ ಅಲ್ಲಿ ಕೊನೆಯ ಬಾರಿ ಯಾರಾದರೂ ಚಾರ್ಜ್ ಮಾಡಿದ್ದು ಯಾವಾಗ ಎಂದು ನೋಡುತ್ತೇನೆ. ಒಂದೇ ಗನ್ (ಕಾರಿಗೆ ಹಚ್ಚುವ ಚಾರ್ಜಿಂಗ್ ಪ್ಲಗ್) ಇರುವ ಜಾಗವನ್ನು ನಂಬಿ ಹೊರಡುವುದಿಲ್ಲ. ಎರಡು ಗನ್ ಇದ್ದರೂ 60 ಕಿಲೋವ್ಯಾಟ್ ಯಂತ್ರಕ್ಕೆ ಇನ್ನೊಂದು ಕಾರು ಬಂದು ಹಚ್ಚಿದರೆ ನಿಮಗೆ 30 ಸಿಗುತ್ತದೆ, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಚೋರ್ಲಾ ಏರು, ಬೆಳಗಾವಿ
ಟೀಚರ್ ಹೇಳಿದ್ದು ಬರೋಬ್ಬರಿ. ಎನ್‌ಎಚ್ 48ರಾಗ ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ ಅಂತ ಪುಣೆತನಕ ಒಂದಲ್ಲ ಒಂದು ಸಿಗ್ತೈತಿ, ಈ ಕಡೆ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದಾಗೂ ಅದಾವು. ವಿಜಯಪುರದಿಂದ ಹುನಗುಂದ, ಹೊಸಪೇಟಿ ಮ್ಯಾಲ ಎನ್‌ಎಚ್ 50 ಹಿಡದು ಬೆಂಗಳೂರಿಗೆ ಹೋಗೂ ದಾರಿಯಾಗ ಅಷ್ಟು ದಟ್ಟ ಇಲ್ಲ. ತೋಟದ ಸಾಹೇಬ್ರು ಹೊರಡೂಕಿಂತ ಮೊದಲ ಹೊಸಪೇಟಿಗೆ ಒಂದು, ಚಿತ್ರದುರ್ಗಕ್ಕ ಒಂದು ಅಂತ ನಿಲ್ಲೂ ಜಾಗ ಗೊತ್ತು ಮಾಡ್ಕೊಬೇಕು, ಎರಡಕ್ಕೂ ಬಾಜೂಕ ಬದಲಿ ಒಂದೊಂದು ಇರಬೇಕು. ಊಟದ ಹೊತ್ತಿಗೆ ಸರಿ ಹೊಂದಿಸಿದ್ರ ತ್ರಾಸ ಅನಸೂದಿಲ್ಲ.

ಬಿಸಿಲಿನ ಬಗ್ಗೆ ಕೇಳಿದ್ರಿ. 42 ಡಿಗ್ರಿಯಾಗ ಗಾಡಿ ಓಡ್ತೈತಿ, ಎಸಿ ತಿನ್ನೂದು ತಾಸಿಗೆ ಒಂದರಿಂದ ಎರಡು ಯುನಿಟ್. ತ್ರಾಸ ಬರೂದು ಮಧ್ಯಾಹ್ನ ಹೆದ್ದಾರಿ ಓಡಿಸಿ ಬಂದು ತಕ್ಷಣ ಫಾಸ್ಟ್ ಚಾರ್ಜರ್ ಹಚ್ಚಿದಾಗ. ಬ್ಯಾಟರಿ ಕಾದಿರ್ತೈತಿ, ಗಾಡಿ ತಾನ ಚಾರ್ಜಿಂಗ್ ವೇಗ ಇಳಸ್ತೈತಿ. ಬ್ಯಾಟರಿ ಎಲ್‌ಎಫ್‌ಪಿಯೋ ಎನ್‌ಎಂಸಿಯೋ ಅಂತ ತಗೊಳ್ಳುವಾಗ ಕೇಳ್ರಿ, ಇವು ಲಿಥಿಯಂ ಬ್ಯಾಟರಿಯ ಎರಡು ಜಾತಿ. ನೆಕ್ಸಾನ್, ಬಿಇ 6 ಎಲ್‌ಎಫ್‌ಪಿ. ಎಕ್ಸ್‌ಯುವಿ 400 ಎನ್‌ಎಂಸಿ. ನಮ್ಮ ಹವಾಕ್ಕ ಎಲ್‌ಎಫ್‌ಪಿ ಹೆಚ್ಚು ತಡಕೊಂಡು ಇರ್ತೈತಿ ಅನ್ನೂದು ನನ್ನ ಅಭಿಪ್ರಾಯ. ಅದನ್ನ ಆಗಾಗ ನೂರಕ್ಕ ನೂರು ತುಂಬಸಬೇಕು, ಇಲ್ಲಾಂದ್ರ ಉಳದ ಚಾರ್ಜ್ ಎಷ್ಟು ಅಂತ ತೋರ್ಸೂದು ತಪ್ಪಾಕ್ಕೊಂತ ಹೋಗ್ತೈತಿ. ಎನ್‌ಎಂಸಿ ಇದ್ರ ದಿನಾ 80ಕ್ಕ ನಿಲ್ಲಸೂದು ಛಲೋ.

ಇಂಡಿ ಲಿಂಬಿ
ಗೂಡ್ಸ್ ಗಾಡಿ ವಿಷಯ ಯಾರೂ ಹೇಳವಲ್ರು, ನಾ ಹೇಳ್ತೀನಿ. ನಂದು ಟಾಟಾ ಏಸ್ ಇವಿ, 600 ಕೆಜಿ ಹೊರೂದು, 21.3 ಕಿಲೋವ್ಯಾಟ್ ಅವರ್ ಬ್ಯಾಟರಿ. ಕಾಗದದ ಮ್ಯಾಲ 154 ಕಿ.ಮೀ. ಲಿಂಬಿ ಚೀಲಾ ತುಂಬಿ ಇಂಡಿಯಿಂದ ವಿಜಯಪುರಕ್ಕ ಹೋಗಿ ಖಾಲಿ ಬರೂದಕ್ಕ ಚಿಂತಿ ಇಲ್ಲ. ನೂರರ ಮ್ಯಾಲ ಲೆಕ್ಕ ಹಿಡೀಬ್ಯಾಡ್ರಿ.

ಮಣೂಕ ಬಾಕ್ಸು 15 ಕೆಜಿ. ಅಂದ್ರ 40 ಬಾಕ್ಸಿಗೆ 600 ಕೆಜಿ ಮುಗೀತು. ಡೀಸೆಲ್ ಗಾಡಿಯಾಗ ನೀವು 40ಕ್ಕ ನಿಲ್ಲಸ್ತಿದ್ರೇನು? ಯಾರೂ ನಿಲ್ಲಸೂದಿಲ್ಲ, ನಮ್ಮ ಮಂದಿಗೆ ಸ್ಪ್ರಿಂಗ್ ಪಟ್ಟಾ ಮಲಗೂತನಕ ತುಂಬೂ ಚಟ. ಇದರಾಗ ಹಂಗ ತುಂಬಿದ್ರ ಗಾಡಿ ಎಳೀತೈತಿ, ಎಳಿಯೂದಿಲ್ಲ ಅಂತಲ್ಲ, ಟಾರ್ಕ್ ಭಾಳ ಐತಿ. ಆದ್ರ ಪರದೆ ಮ್ಯಾಲಿನ ಕಿ.ಮೀ. ಕಣ್ಣ ಮುಂದ ಕರಗ್ತೈತಿ, ಟಾಯರ್ ಲಗೂನ ಸವೀತೈತಿ, ವಾರಂಟಿ ಕೇಳಾಕ ಹೋದಾಗ ಓವರ್‌ಲೋಡ್ ಅಂತಾರ. ಒಂದು ಟನ್ನಿನ ಮಾಡೆಲ್ 2024ರಾಗ ಬಂದೈತಿ, ನಿಮಗ ಅದೇ ಬೇಕಾಗ್ತೈತಿ. ತಿಕೋಟಾ–ವಿಜಯಪುರ ಕೋಲ್ಡ್ ಸ್ಟೋರೇಜ್ ಓಟಕ್ಕ ಹೇಳಿ ಮಾಡ್ಸಿದಂಗ ಐತಿ. ತಾಸಗಾಂವ, ಸಾಂಗಲಿ ಸವಾಲಿಗೆ (ಹರಾಜಿಗೆ) ಒಯ್ಯೂದಿದ್ರ ಬಾಡಿಗಿ ಡೀಸೆಲ್ ಗಾಡೀನ ಮಾಡ್ರಿ.

ಪರ್ಮಿಟ್ ಕಟಕಟಿ ಇಲ್ಲ, ಬ್ಯಾಟರಿ ಸಾಗಣೆ ಗಾಡಿಗೆ 2018ರಿಂದ ಕೇಂದ್ರದವ್ರು ಪರ್ಮಿಟ್ ಬೇಕಿಲ್ಲ ಅಂತ ಮಾಡ್ಯಾರ. ಹಸರ ಪಾಟಿ ಮ್ಯಾಲ ಹಳದಿ ಅಕ್ಷರ. ಆದ್ರೂ ಹೊಸಾ ಪೊಲೀಸರು ತಡದು ಪರ್ಮಿಟ್ ಕೇಳಿದ್ರ ಹೇಳಾಕ ಆ ಆದೇಶದ ಕಾಪಿ ಡ್ಯಾಶ್‌ಬೋರ್ಡಿನ್ಯಾಗ ಇಟ್ಟೀನಿ. ಸಾಲದ ಬಡ್ಡಿ ಮಾತ್ರ ಡೀಸೆಲ್ ಗಾಡಿಗಿಂತ ಜಾಸ್ತಿ ಹೇಳ್ತಾರ, ಹಳೇ ಗಾಡಿ ಮಾರಿದ್ರ ಎಷ್ಟು ಬರ್ತೈತಿ ಅಂತ ಅವ್ರಿಗೂ ಗೊತ್ತಿಲ್ಲ. ನಾಕು ಕಡೆ ಕೇಳ್ರಿ.

ಗದ್ದನಕೇರಿ ಲಾರಿ
ನಮ್ಮದು ಹತ್ತು, ಹದಿನಾರು ಚಕ್ರದ ಲಾರಿ. ಸಿಮೆಂಟು, ಸಕ್ಕರಿ, ಸುಣ್ಣದಕಲ್ಲು. ಸಣ್ಣ ಗಾಡಿ ಲೆಕ್ಕ ನಮಗ ಹೊಂದೂದಿಲ್ಲ ಅಂತ ಹೇಳಾಕ ಬಂದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆದಾಗ ದೊಡ್ಡ ಎಲೆಕ್ಟ್ರಿಕ್ ಟ್ರಕ್ಕಿಗೆ 9.6 ಲಕ್ಷತನಕ ಸಹಾಯಧನ ಇಟ್ಟಾರ, 500 ಕೋಟಿ ತಗದಿಟ್ಟಾರ, ಅದಕ್ಕ ಹಳೇ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಬೇಕು. ಅಷ್ಟು ಕಳದ್ರೂ ಗಾಡಿ ಬೆಲಿ ಡೀಸೆಲ್ಲಿನ ಎರಡು ಪಟ್ಟು ದಾಟ್ತೈತಿ.

ಬೆಲಿ ಒಂದ ಕಡೆ ಇರ್ಲಿ. ನನ್ನ ಲಾರಿ ಇವತ್ತ ಬಾಗಲಕೋಟಿಯಿಂದ ಸಿಮೆಂಟ್ ಹಾಕ್ಕೊಂಡು ರತ್ನಾಗಿರಿಗೆ ಹೋಗ್ತೈತಿ. ಅಲ್ಲಿಂದ ಬರುವಾಗ ಏಜೆಂಟ್ ಯಾವ ಊರಿನ ಲೋಡ್ ಕೊಡ್ತಾನೋ ಆ ಊರು. ಮುಂದಿನ ಸೋಮವಾರ ಎಲ್ಲಿರ್ತೀನಿ ನನಗ ಗೊತ್ತಿರೂದಿಲ್ಲ. ತುಂಬಿದ ಲಾರಿ ಕಿ.ಮೀ.ಗೆ ಒಂದೂವರಿ ಯುನಿಟ್ ಹತ್ರ ತಿಂತೈತಿ, 250 ಯುನಿಟ್ ಬ್ಯಾಟರಿ ಅಂದ್ರ ಎಷ್ಟು ದೂರ ಆತು? ಅದಕ್ಕ ತಕ್ಕ ಚಾರ್ಜರ್ ಇದ್ರೂ, ಕಾರ್ ನಿಲ್ಲೂ ಜಾಗಾದಾಗ ಟ್ರೇಲರ್ ತಿರಗಸಾಕ ಬರೂದಿಲ್ಲ.

ಹಂಗಂತ ಆಗೂದ ಇಲ್ಲ ಅಂತಲ್ಲ. ಕ್ವಾರಿಯಿಂದ ಫ್ಯಾಕ್ಟರಿ, ಫ್ಯಾಕ್ಟರಿಯಿಂದ ರೇಲ್ವೆ ಗೂಡ್ಸ್ ಶೆಡ್, ಹಗಲೂ ರಾತ್ರಿ ಅದೇ ಮೂವತ್ತು ನಲವತ್ತು ಕಿ.ಮೀ. ಸುತ್ತೂ ಗಾಡಿಗಳು ಅದಾವಲ್ಲ, ಲೋಡಿಂಗಿಗೆ ಗೇಟಿನ್ಯಾಗ ತಾಸುಗಟ್ಲೆ ನಿಂತಿರ್ತಾವು. ಅಲ್ಲೇ ಚಾರ್ಜರ್ ಹಾಕಿದ್ರ ಆ ಕಾಯೂ ಹೊತ್ತ ಕೆಲಸಕ್ಕ ಬಂತು. ಆದ್ರ ಎಚ್‌ಟಿ (ಹೈ ಟೆನ್ಶನ್) ಕನೆಕ್ಷನ್ ತಗೊಂಡು ಚಾರ್ಜರ್ ಹಾಕಬೇಕಾದವ್ರು ಫ್ಯಾಕ್ಟರಿಯವ್ರು, ನನ್ನಂಥ ನಾಕು ಲಾರಿ ಮಾಲಕ ಅಲ್ಲ. ಅವ್ರು ಐದು ವರ್ಷದ ಕರಾರು ಬರಕೊಟ್ರ ನಾಳೆ ನಾ ಒಂದು ತಗೊಳ್ಳಾಕ ತಯಾರ. ಒಂದು ವರ್ಷದ ಕರಾರಿಗೆ ಕೋಟಿ ಸಾಲಾ ಮಾಡಾಕ ಹುಚ್ಚ ಹಿಡದಿಲ್ಲ.

ತಿಕೋಟಾ ತೋಟ
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಸೋಲಾರ್ ಹಾಕಿಸಿದ್ರ ಹೆಂಗ? ಮತ್ತ ಕರೆಂಟ್ ಹೋದಾಗ ಗಾಡಿಯಿಂದ ಮನಿಗೆ ಕರೆಂಟ್ ತಗೋಬಹುದಂತ ಮಗಳು ಅಂತಾಳ, ಖರೇನ? ತೆರಿಗೀದೂ ಯಾರರ ಹೇಳ್ರಿ.

ವಾಯರಿಂಗ್ ಬಾಗಲಕೋಟಿ
ಖರೇ. ವಿ2ಎಲ್ ಅಂತಾರ. ನೆಕ್ಸಾನಿನ್ಯಾಗ 3.3 ಕೆವಿಎತನಕ. ಫ್ಯಾನು, ಫ್ರಿಜ್ಜು, ಟಿವಿ ಆರಾಮ ನಡೀತಾವು. ಮನಿ ಸಾಕೆಟ್ಟಿಗೆ ಉಲ್ಟಾ ಹಚ್ಚಬ್ಯಾಡ್ರಿ ಮತ್ತ, ಕಂಬದ ಮ್ಯಾಲಿನ ಲೈನ್‌ಮನ್ ಜೀವಾ ಹೋಗ್ತೈತಿ. ಬೋರ್‌ವೆಲ್ ಮೋಟರೂ ಬ್ಯಾಡ, ಚಾಲೂ ಆಗುವಾಗ ನಾಕೈದು ಪಟ್ಟು ಎಳೀತೈತಿ.

ಸೋಲಾರ್‌ಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆದಾಗ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ, ನಮ್ಮ ಬಿಸಿಲಾಗ ದಿನಕ್ಕ 12 ಯುನಿಟ್ ಆಸುಪಾಸು ಬರ್ತೈತಿ. ಗಾಡಿ ಹಗಲಿ ಹೊರಗಿದ್ರೂ ನೆಟ್ ಮೀಟರಿನ್ಯಾಗ (ಗ್ರಿಡ್‌ಗೆ ಕೊಟ್ಟಿದ್ದನ್ನ ತಗೊಂಡಿದ್ದರಾಗ ಕಳಿಯೂ ಮೀಟರ್) ಲೆಕ್ಕ ಹೊಂದತೈತಿ. ಆದ್ರ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ್ರ ತಾನೂ ಬಂದ್ ಆಗ್ತೈತಿ. ಭಾಳ ಮಂದಿಗೆ ಇದು ಹಾಕಿಸಿದ ಮ್ಯಾಲ ಗೊತ್ತಾಗ್ತೈತಿ.

ಲೆಕ್ಕದ ಮಾಸ್ತರ, ಮುದ್ದೇಬಿಹಾಳ
ಇವಿಗೆ ಜಿಎಸ್‌ಟಿ ಶೇ 5. ಕರ್ನಾಟಕದಾಗ 25 ಲಕ್ಷ ದಾಟಿದ ಇವಿಗೆ 2024ರಿಂದ ಶೇ 10 ಆಜೀವ ತೆರಿಗಿ ಬಂದದ, ಬುಕ್ ಮಾಡೂ ಮೊದಲ ಆರ್‌ಟಿಒದಾಗ ಆವತ್ತಿನ ದರ ಕೇಳಿಬಿಡ್ರಿ. ಸಾಲದ ಬಡ್ಡಿಗೆ ಆದಾಯ ತೆರಿಗಿಯಾಗ 80ಇಇಬಿ ಕಲಮಿನ ರಿಯಾಯಿತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಅದು ಮಾರ್ಚ್ 2023ರತನಕ ಮಂಜೂರಾದ ಸಾಲಕ್ಕಷ್ಟ. ಬ್ಯಾಟರಿಗೆ ಜೀವಮಾನದ ವಾರಂಟಿ ಅಂತ ಹೇಳ್ತಾರಲ್ಲ, ಅದು ಮೊದಲನೇ ಮಾಲಕರಿಗೆ, ಸ್ವಂತ ಬಳಕೆಗೆ. ವಿಮಾದಾಗ ಬ್ಯಾಟರಿಗೆ ಕೆಳಗಿನಿಂದ ಕಲ್ಲ ಬಡದ್ರ ಕೊಡ್ತಾರೇನು ಅನ್ನೂದನ್ನ ಬರವಣಿಗೆಯಾಗ ತಗೋರಿ. ತೋಟದ ದಾರಿ ಹೆಂಗದ ಅಂತ ನಿಮಗ ಗೊತ್ತು.

ನೇಸರಗಿ ಟೀಚರ್, ಬೆಳಗಾವಿ
ಒಂದು ಸಣ್ಣ ಮಾತು: ದೊಡ್ಡ ಬ್ಯಾಟರಿ ತುಂಬಿದ್ದರೂ ಒಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ ಕಾರು ಏಳುವುದೇ ಇಲ್ಲ. ವಾರಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವವರು ಗಮನಿಸಿ. ಎಳೆದುಕೊಂಡು ಹೋಗಬೇಕಾದರೆ ಹಗ್ಗ ಕಟ್ಟಿ ಅಲ್ಲ, ಫ್ಲ್ಯಾಟ್‌ಬೆಡ್ ಮೇಲೆ ಹಾಕಿಯೇ ಒಯ್ಯಬೇಕು.

ತಿಕೋಟಾ ತೋಟ
ಹಂಗಾದ್ರ ಗೂಡ್ಸ್ ಗಾಡಿ ಮೊದಲ, ಒಂದು ಟನ್ನಿಂದು. ಎಸ್‌ಯುವಿ ಮುಂದಿನ ಸುಗ್ಗಿ ರೊಕ್ಕ ಬಂದ ಮ್ಯಾಲ ನೋಡೋಣು, ಮಗಳಿಗೂ ಹೇಳೀನಿ, ಸಿಟ್ಟಾಗ್ಯಾಳ. ಬ್ಯಾರೆ ಮೀಟರಿಗೆ ಸೋಮವಾರ ಅರ್ಜಿ ಹಾಕ್ತೀನಿ. ವಾಯರಿಂಗ್ ಅಣ್ಣಾರ, ತಿಕೋಟಾ ಕಡೆ ಅರ್ಥಿಂಗ್ ಗುಂಡಿ ಛಲೋ ಹಾಕವ್ರು ಯಾರರ ಇದ್ರ ನಂಬರ್ ಕೊಡ್ರಿ. ಇಲ್ಲಾಂದ್ರ ನೀವ ಬರ್ತೀರೇನು?

ನಿರ್ವಾಹಕರು
ಫೋನ್ ನಂಬರ್ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿ.

ವಾಯರಿಂಗ್ ಬಾಗಲಕೋಟಿ
ಕಳಿಸೀನ್ರಿ. ಇದ್ದಲಿ ನೀವ ತಂದಿಡ್ರಿ, ಅಲ್ಲಿ ಅಗ್ಗ ಸಿಗ್ತೈತಿ.